ನಾಯಿಗಳ ಹೊರಗಿವಿ ಉರಿಯೂತ

ಹೊರಗಿವಿ ಉರಿಯೂತವು ನಾಯಿಯ ಕಿವಿಯ ಹಾಲೆಯಿಂದ ತಮಟೆಯವರೆಗಿನ ನಾಳದ ಚರ್ಮ ಕೆಂಪಾಗಿ, ಊದಿಕೊಂಡು, ನವೆ, ನೋವು ಮತ್ತು ಸ್ರಾವ ಉಂಟಾಗುವ ರೋಗಾವಸ್ಥೆ. ಪಶುವೈದ್ಯಶಾಸ್ತ್ರದಲ್ಲಿ ಇದನ್ನು ಓಟೈಟಿಸ್ ಎಕ್ಸ್‌ಟರ್ನಾ ಎನ್ನುತ್ತಾರೆ. ಇದು ಒಂದೇ ರೋಗಾಣುವಿನಿಂದ ಬರುವ ಒಂದೇ ರೋಗವಲ್ಲ. ಅಲರ್ಜಿ, ನುಸಿ, ಕಿವಿಗೆ ಹೊಕ್ಕ ಹುಲ್ಲಿನ ಊಬು, ಹಾರ್ಮೋನಿನ ಕೊರತೆ, ಗಡ್ಡೆ ಮುಂತಾದ ಹಲವು ಮೂಲಗಳಿಂದ ಇದೇ ಚಿತ್ರ ಮೂಡುತ್ತದೆ. ಆದ್ದರಿಂದ ಮೂಲವನ್ನು ಗುರುತಿಸುವುದು ಚಿಕಿತ್ಸೆಯ ಮುಖ್ಯ ಭಾಗ.

ಹೆಸರು ಮತ್ತು ವ್ಯಾಪ್ತಿ

ಆಡುಮಾತಿನಲ್ಲಿ ಕಿವಿ ಸೋರುವುದು, ಕಿವಿಯಲ್ಲಿ ಕೀವಾಗುವುದು, ಕಿವಿ ನವೆ ಎಂದು ಕರೆಯುವ ತೊಂದರೆಗಳಲ್ಲಿ ಹೆಚ್ಚಿನವು ಹೊರಗಿವಿ ಉರಿಯೂತದ ವ್ಯಾಪ್ತಿಗೆ ಬರುತ್ತವೆ. ಉರಿಯೂತ ತಮಟೆಯನ್ನು ದಾಟಿ ಒಳಕ್ಕೆ ಹೋದರೆ ನಡುಗಿವಿ ಉರಿಯೂತ, ಇನ್ನೂ ಆಳಕ್ಕೆ ಇಳಿದರೆ ಒಳಗಿವಿ ಉರಿಯೂತ. ಕಿವಿಯ ಹಾಲೆಗೆ ಮಾತ್ರ ಸೀಮಿತವಾದ ಗಾಯ, ನೊಣ ಕಡಿತ ಮತ್ತು ರಕ್ತಗೂಡು ಬೇರೆ ಸ್ಥಿತಿಗಳಾದರೂ ಹೊರಗಿವಿ ಉರಿಯೂತದ ಜೊತೆಜೊತೆಗೆ ಕಾಣಿಸಿಕೊಳ್ಳುವುದುಂಟು.

ಬೆಕ್ಕುಗಳಿಗಿಂತ ನಾಯಿಗಳಲ್ಲಿ ಈ ತೊಂದರೆ ಹೆಚ್ಚು. ಬ್ರಿಟನ್ನಿನ ವೆಟ್‌ಕಂಪಾಸ್ ಯೋಜನೆಯಡಿ 22,333 ನಾಯಿಗಳ 2016ರ ಚಿಕಿತ್ಸಾ ದಾಖಲೆಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಒಂದು ವರ್ಷದಲ್ಲಿ ಶೇ. 7.30ರಷ್ಟು ನಾಯಿಗಳಲ್ಲಿ ಈ ತೊಂದರೆ ದಾಖಲಾಗಿತ್ತು. ಬ್ಯಾಸೆಟ್ ಹೌಂಡ್ ತಳಿಯಲ್ಲಿ ಈ ಪ್ರಮಾಣ ಶೇ. 28.81. ಶಾರ್ ಪೇ, ಲ್ಯಾಬ್ರಡೂಡಲ್, ಬೀಗಲ್ ಮತ್ತು ಗೋಲ್ಡನ್ ರಿಟ್ರೀವರ್ ತಳಿಗಳೂ ಮೇಲಿನ ಸಾಲಿನಲ್ಲಿದ್ದವು. ನಿಮಿರಿದ ಕಿವಿಯ ತಳಿಗಳಿಗೆ ಹೋಲಿಸಿದರೆ ಜೋಲುಕಿವಿಯ ತಳಿಗಳಲ್ಲಿ ರೋಗದ ಸಾಧ್ಯತೆ ಸುಮಾರು 1.76 ಪಟ್ಟು ಇತ್ತು.

ಅಧ್ಯಯನದ ಹಿನ್ನೆಲೆ

ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ಪಶುವೈದ್ಯ ಗ್ರಂಥಗಳು ನಾಯಿಯ ಕಿವಿ ಸೋರುವಿಕೆಯನ್ನು ಕ್ಯಾಂಕರ್ ಎಂಬ ಒಂದೇ ಹೆಸರಿನಡಿ ವಿವರಿಸಿದವು. ವಿಲಿಯಂ ಯೂಅಟ್‌ನ 1845ರ ನಾಯಿಗಳ ಕುರಿತ ಗ್ರಂಥ ಇದಕ್ಕೆ ಉದಾಹರಣೆ. ಕಿವಿನುಸಿಯನ್ನು ಜರ್ಮನ್ ಪಶುವೈದ್ಯ ಹೇರಿಂಗ್ 1838ರಲ್ಲಿ ವರ್ಣಿಸಿದ್ದ. ಅದಕ್ಕೆ ಇಂದಿನ ಹೆಸರು ಓಟೊಡೆಕ್ಟಿಸ್ ಸೈನೋಟಿಸ್. ನಾಯಿಯ ಕಿವಿಯಲ್ಲಿ ಸಾಮಾನ್ಯವಾಗಿ ಸಿಗುವ ಯೀಸ್ಟ್ ಮಲಸೀಜಿಯ ಪ್ಯಾಕಿಡರ್ಮಾಟಿಸ್ ಮೊದಲು ದೊರೆತದ್ದು ಚರ್ಮರೋಗವಿದ್ದ ಭಾರತೀಯ ಘೇಂಡಾಮೃಗವೊಂದರಿಂದ. ವೀಡ್ಮನ್ ಅದನ್ನು 1925ರಲ್ಲಿ ವರದಿ ಮಾಡಿದ. ನಾಯಿಯ ಕಿವಿರೋಗಕ್ಕೂ ಈ ಯೀಸ್ಟಿಗೂ ಇರುವ ನಂಟನ್ನು ಸ್ವೀಡನ್ನಿನ ಗುಸ್ತಾಫ್ಸನ್ 1955ರಲ್ಲಿ ವಿವರವಾಗಿ ಚರ್ಚಿಸಿದ.

ರೋಗದ ಕಾರಣಗಳನ್ನು ಹಂತಗಳಾಗಿ ವಿಂಗಡಿಸುವ ಕ್ರಮವನ್ನು ಅಮೆರಿಕದ ಜಾನ್ ಆಗಸ್ಟ್ 1988ರಲ್ಲಿ ಮಂಡಿಸಿದರು. ಚರ್ಮತಜ್ಞ ಕ್ರೇಗ್ ಗ್ರಿಫಿನ್ ಅದನ್ನು ನಾಲ್ಕು ಗುಂಪುಗಳಾಗಿ ವಿಸ್ತರಿಸಿದರು. ಈ ವಿಂಗಡಣೆ ಇಂದು ಪಶುವೈದ್ಯ ಪಠ್ಯಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿದೆ. ಉರಿಯೂತದ ತೀವ್ರತೆಯನ್ನು ಅಂಕಗಳಲ್ಲಿ ಅಳೆಯುವ ಓಟಿಸ್-3 ಮಾನಕ 2014ರಲ್ಲಿ ಪ್ರಕಟವಾಯಿತು.

ಕಿವಿಯ ರಚನೆ

ನಾಯಿಯ ಹೊರಗಿವಿಯಲ್ಲಿ ಎರಡು ಭಾಗಗಳಿವೆ: ಹೊರಗೆ ಕಾಣುವ ಅಗಲವಾದ ಹಾಲೆ ಮತ್ತು ತಲೆಯೊಳಕ್ಕೆ ಸಾಗುವ ನಾಳ. ಮನುಷ್ಯರಲ್ಲಿ ಈ ನಾಳ ಚಿಕ್ಕದು, ಹೆಚ್ಚುಕಡಿಮೆ ಅಡ್ಡಲಾಗಿದೆ. ನಾಯಿಯಲ್ಲಾದರೋ ಅದು ಮೊದಲು ಕೆಳಕ್ಕೆ ಇಳಿದು, ಬಳಿಕ ತಮಟೆಯ ಕಡೆಗೆ ಒಳಕ್ಕೆ ತಿರುಗುತ್ತದೆ. ಕೆಳಗಿಳಿಯುವ ಭಾಗ ಲಂಬನಾಳ, ಒಳಕ್ಕೆ ಹೋಗುವ ಭಾಗ ಅಡ್ಡನಾಳ. ತಳಿ ಮತ್ತು ಗಾತ್ರವನ್ನು ಅನುಸರಿಸಿ ಒಟ್ಟು ಉದ್ದ ಸುಮಾರು 5ರಿಂದ 10 ಸೆಂಟಿಮೀಟರ್. ಈ ತಿರುವಿನಿಂದಾಗಿ ನೀರು, ಗುಗ್ಗೆ ಮತ್ತು ಕಸ ಸುಲಭವಾಗಿ ಹೊರಬರುವುದಿಲ್ಲ. ಅಡ್ಡನಾಳವೂ ತಮಟೆಯೂ ಬರಿಗಣ್ಣಿಗೆ ಕಾಣುವುದಿಲ್ಲ.

ನಾಳದ ಗೋಡೆಗೆ ಮೃದ್ವಸ್ಥಿಯ ಆಧಾರವಿದೆ. ಒಳಮೈಗೆ ಚರ್ಮದ ಹೊದಿಕೆಯಿದ್ದು, ಅದರಲ್ಲಿ ಕೂದಲಿನ ಬುಡಗಳು, ಜಿಡ್ಡು ಸ್ರವಿಸುವ ಗ್ರಂಥಿಗಳು ಮತ್ತು ಗುಗ್ಗೆ ಗ್ರಂಥಿಗಳಿವೆ. ಗುಗ್ಗೆಯು ಈ ಸ್ರಾವಗಳೂ ಉದುರಿದ ಚರ್ಮಕೋಶಗಳೂ ಸೇರಿ ಆದದ್ದು. ಅದು ಚರ್ಮವನ್ನು ತೇವವಾಗಿಟ್ಟು, ಧೂಳನ್ನು ಹಿಡಿದು, ಸೂಕ್ಷ್ಮಾಣುಗಳನ್ನು ಅಂಕೆಯಲ್ಲಿಡುತ್ತದೆ. ತಮಟೆಯ ಮೇಲೆ ಹುಟ್ಟುವ ಕೋಶಗಳು ನಿಧಾನವಾಗಿ ಹೊರಬಾಗಿಲಿನ ಕಡೆಗೆ ಸರಿಯುತ್ತಾ ಗುಗ್ಗೆಯನ್ನೂ ಸಾಗಿಸುತ್ತವೆ. ಆರೋಗ್ಯವಂತ ಕಿವಿ ತನ್ನನ್ನು ತಾನೇ ಶುಚಿಗೊಳಿಸಿಕೊಳ್ಳುವುದು ಹೀಗೆ. ಉರಿಯೂತದಲ್ಲಿ ಈ ಸಾಗಣೆ ನಿಲ್ಲುತ್ತದೆ.

ತಮಟೆಯ ಆಚೆಗೆ ನಡುಗಿವಿ ಇದೆ. ಅಲ್ಲಿ ಮೂರು ಪುಟ್ಟ ಮೂಳೆಗಳೂ ಗಾಳಿ ತುಂಬಿದ ಮೂಳೆಯ ಗೂಡೂ ಇವೆ. ಒಂದು ಕೊಳವೆ ಅದನ್ನು ಗಂಟಲಿಗೆ ಜೋಡಿಸುತ್ತದೆ. ಮುಖದ ನರ ಮತ್ತು ಕಣ್ಣಿಗೆ ಹೋಗುವ ಅನುವೇದಕ ನರತಂತುಗಳು ಇದರ ಬಳಿಯಲ್ಲೇ ಹಾಯುತ್ತವೆ. ಒಳಗಿವಿಯಲ್ಲಿ ಕೇಳುವ ಅಂಗವೂ ದೇಹದ ಸಮತೋಲ ಕಾಯುವ ಅಂಗವೂ ಇವೆ. ನಾಯಿಮರಿಯ ಕಿವಿನಾಳ ಹುಟ್ಟುವಾಗ ಮುಚ್ಚಿದ್ದು, ಸುಮಾರು ಎರಡು ವಾರಕ್ಕೆ ತೆರೆಯುತ್ತದೆ.

ಕಾರಣಗಳು

ಕಾರಣಗಳನ್ನು ಪ್ರಾಥಮಿಕ, ದ್ವಿತೀಯಕ, ಆಸ್ಪದ ಕೊಡುವ ಮತ್ತು ಬೇರೂರಿಸುವ ಅಂಶಗಳೆಂದು ನಾಲ್ಕು ಗುಂಪು ಮಾಡಲಾಗುತ್ತದೆ. ಆರೋಗ್ಯವಾಗಿದ್ದ ಕಿವಿಯಲ್ಲಿ ತಾವಾಗಿಯೇ ಉರಿಯೂತ ಹುಟ್ಟಿಸುವುವು ಪ್ರಾಥಮಿಕ. ಕೆಟ್ಟ ಕಿವಿಯಲ್ಲಿ ಮಾತ್ರ ಬೆಳೆಯುವ ಸೋಂಕುಗಳು ದ್ವಿತೀಯಕ. ರೋಗಕ್ಕೆ ಮುಂಚೆಯೇ ಇದ್ದು ದಾರಿ ಮಾಡಿಕೊಡುವುವು ಆಸ್ಪದ ಕೊಡುವ ಅಂಶಗಳು. ರೋಗದಿಂದಲೇ ಹುಟ್ಟಿ ಅದನ್ನು ವಾಸಿಯಾಗಲು ಬಿಡದಿರುವುವು ಬೇರೂರಿಸುವ ಅಂಶಗಳು.

ಪ್ರಾಥಮಿಕ ಕಾರಣಗಳಲ್ಲಿ ಅಲರ್ಜಿಗೆ ಮೊದಲ ಸ್ಥಾನ. ಧೂಳುನುಸಿ, ಪರಾಗ, ಬೂಷ್ಟು ಮುಂತಾದವುಗಳಿಂದ ಬರುವ ಅಟೊಪಿಕ್ ಚರ್ಮರೋಗ ಮತ್ತು ಆಹಾರದ ಅಲರ್ಜಿ ಎರಡರಲ್ಲೂ ಕಿವಿ ಕೆಂಪಾಗಿ ನವೆ ಏಳುತ್ತದೆ. ಕೆಲವು ನಾಯಿಗಳಲ್ಲಿ ಅಲರ್ಜಿಯ ಏಕಮಾತ್ರ ಗುರುತು ಕಿವಿಯ ತೊಂದರೆಯೇ ಆಗಿರುತ್ತದೆ. ಪಾದ ನೆಕ್ಕುವುದು, ಕಂಕುಳು ಮತ್ತು ತೊಡೆಸಂದು ಕೆರೆದುಕೊಳ್ಳುವುದು, ಎರಡೂ ಕಿವಿಗಳಿಗೆ ಒಟ್ಟಿಗೆ ತೊಂದರೆಯಾಗುವುದು ಅಲರ್ಜಿಯನ್ನು ಸೂಚಿಸುತ್ತವೆ.

ಪರಜೀವಿಗಳಲ್ಲಿ ಕಿವಿನುಸಿ ಮುಖ್ಯವಾದುದು. ಇದು ನಾಳದ ಮೇಲ್ಮೈಯಲ್ಲಿ ವಾಸಿಸುತ್ತಾ ಉದುರಿದ ಕೋಶಗಳನ್ನೂ ಸ್ರಾವವನ್ನೂ ತಿನ್ನುತ್ತದೆ. ಮೊಟ್ಟೆಯಿಂದ ಪ್ರೌಢ ನುಸಿಯಾಗಲು ಸುಮಾರು ಮೂರು ವಾರ ಬೇಕು. ಮರಿಗಳಲ್ಲಿ ಮತ್ತು ಬೆಕ್ಕಿನ ಜೊತೆ ಬೆಳೆಯುವ ನಾಯಿಗಳಲ್ಲಿ ಇದು ಹೆಚ್ಚು. ಡೆಮೊಡೆಕ್ಸ್ ನುಸಿ ಕೂದಲಿನ ಬುಡದಲ್ಲಿ ಬೆಳೆದು ಗುಗ್ಗೆಯನ್ನು ಹೆಚ್ಚಿಸುತ್ತದೆ. ಸಾರ್ಕಾಪ್ಟಿಸ್ ಕಜ್ಜಿನುಸಿ ಹಾಲೆಯ ಅಂಚಿನಲ್ಲಿ ಹಕ್ಕಳೆ ಮತ್ತು ತೀವ್ರ ನವೆ ತರುತ್ತದೆ. ಭಾರತದಲ್ಲಿ ಸಾಮಾನ್ಯವಾದ ಕಂದು ಉಣ್ಣೆ ಹಾಲೆಯ ಒಳಮೈಯಲ್ಲೂ ನಾಳದ ಬಾಯಲ್ಲೂ ಕಚ್ಚಿಕೊಂಡಿರುತ್ತದೆ. ಅದು ಎರ್ಲಿಕಿಯ, ಬೆಬೀಸಿಯ ಮುಂತಾದ ರಕ್ತರೋಗಗಳನ್ನೂ ಹರಡುವುದರಿಂದ ಕಿವಿಯಲ್ಲಿ ಉಣ್ಣೆ ಕಂಡಾಗ ಇಡೀ ಮೈಯನ್ನು ಪರೀಕ್ಷಿಸುವುದು ಅಗತ್ಯ.

ಹುಲ್ಲಿನ ತೆನೆಯ ಊಬು, ಬೀಜ, ಮರಳು ಮುಂತಾದ ಹೊರವಸ್ತುಗಳು ಕಿವಿಗೆ ಹೊಕ್ಕರೆ ಸಾಮಾನ್ಯವಾಗಿ ಒಂದೇ ಕಿವಿಯಲ್ಲಿ ಇದ್ದಕ್ಕಿದ್ದಂತೆ ತೀವ್ರ ನೋವು ಕಾಣಿಸಿಕೊಳ್ಳುತ್ತದೆ. ಊಬಿನ ಮುಳ್ಳುಗಳು ಒಂದೇ ದಿಕ್ಕಿಗೆ ಬಾಗಿರುವುದರಿಂದ ತಲೆ ಒದರಿದಷ್ಟೂ ಅದು ಒಳಕ್ಕೆ ಸರಿಯುತ್ತದೆ. ಥೈರಾಯ್ಡ್ ಕೊರತೆ, ಕಾಕರ್ ಸ್ಪ್ಯಾನಿಯಲ್ ತಳಿಯಲ್ಲಿ ಕಾಣುವ ಹುಟ್ಟುಗುಣದ ಜಿಡ್ಡುಚರ್ಮ, ಪೆಂಫಿಗಸ್ ಮುಂತಾದ ಸ್ವರಕ್ಷಣಾ ವ್ಯವಸ್ಥೆಯ ರೋಗಗಳು, ಗುಗ್ಗೆ ಗ್ರಂಥಿಯ ಗಡ್ಡೆಗಳು ಮತ್ತು ನಾಳದ ಪಾಲಿಪ್‌ಗಳು ಉಳಿದ ಪ್ರಾಥಮಿಕ ಕಾರಣಗಳು.

ದ್ವಿತೀಯಕ ಕಾರಣಗಳು ಬ್ಯಾಕ್ಟೀರಿಯಾ ಮತ್ತು ಯೀಸ್ಟ್. ಮಲಸೀಜಿಯ ಆರೋಗ್ಯವಂತ ಕಿವಿಯಲ್ಲೂ ಅಲ್ಪ ಪ್ರಮಾಣದಲ್ಲಿ ಇರುತ್ತದೆ. ಜಿಡ್ಡು ಮತ್ತು ತೇವ ಹೆಚ್ಚಿದಾಗ ಅದು ವೇಗವಾಗಿ ವೃದ್ಧಿಯಾಗುತ್ತದೆ. ಬ್ಯಾಕ್ಟೀರಿಯಾಗಳಲ್ಲಿ ಸ್ಟ್ಯಾಫಿಲೊಕಾಕಸ್ ಸೂಡಿಂಟರ್ಮೀಡಿಯಸ್ ಹೆಚ್ಚಾಗಿ ಸಿಗುತ್ತದೆ. ಹಳೆಯ, ಮತ್ತೆ ಮತ್ತೆ ಚಿಕಿತ್ಸೆ ಪಡೆದ ಕಿವಿಗಳಲ್ಲಿ ಸೂಡೊಮೊನಾಸ್ ಏರುಗಿನೋಸಾ, ಪ್ರೋಟಿಯಸ್, ಈ. ಕೋಲೈ ಸೇರಿಕೊಳ್ಳುತ್ತವೆ. ಇವುಗಳನ್ನು ಕೊಂದರೂ ಪ್ರಾಥಮಿಕ ಕಾರಣ ಉಳಿದಿದ್ದರೆ ಸೋಂಕು ಮರುಕಳಿಸುತ್ತದೆ.

ಆಸ್ಪದ ಕೊಡುವ ಅಂಶಗಳೆಂದರೆ ಗಾಳಿಯಾಟ ತಡೆಯುವ ಜೋಲುಕಿವಿ, ಪೂಡಲ್ ಮತ್ತು ಶ್ನೌಟ್ಸರ್ ತಳಿಗಳಂತೆ ನಾಳದಲ್ಲಿ ದಟ್ಟ ಕೂದಲು, ಶಾರ್ ಪೇ ತಳಿಯಂತೆ ಹುಟ್ಟಿನಿಂದಲೇ ಕಿರಿದಾದ ನಾಳ, ಈಜು ಮತ್ತು ಸ್ನಾನದ ನೀರು, ತೇವದ ಹವೆ, ಅತಿಯಾದ ಶುಚೀಕರಣ, ಹತ್ತಿಕಡ್ಡಿಯಿಂದ ಆಗುವ ತರಚು. ಜೋಲುಕಿವಿಯೊಂದೇ ರೋಗ ತರುವುದಿಲ್ಲ. ಆರೋಗ್ಯವಾಗಿಯೇ ಬಾಳುವ ಜೋಲುಕಿವಿಯ ನಾಯಿಗಳು ಬಹಳಷ್ಟಿವೆ. ಕರಾವಳಿ ಮತ್ತು ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದ ತೇವ ಈ ಗುಂಪಿಗೆ ಸೇರುತ್ತದೆ.

ಬೇರೂರಿಸುವ ಅಂಶಗಳು ನಾಳದ ಗೋಡೆ ದಪ್ಪಗಾಗುವುದು, ಗುಗ್ಗೆ ಗ್ರಂಥಿಗಳು ಹಿಗ್ಗುವುದು, ನಾಳ ಕಿರಿದಾಗುವುದು, ಮೃದ್ವಸ್ಥಿಯಲ್ಲಿ ಸುಣ್ಣ ಶೇಖರವಾಗುವುದು, ತಮಟೆ ಹರಿಯುವುದು, ನಡುಗಿವಿಗೆ ಸೋಂಕು ಹರಡುವುದು ಮತ್ತು ರೋಗಾಣುಗಳು ತಮ್ಮ ಸುತ್ತ ಲೋಳೆಪೊರೆ ಕಟ್ಟಿಕೊಳ್ಳುವುದು. ಈ ಪೊರೆ ಔಷಧಿಯನ್ನು ಒಳಕ್ಕೆ ಬಿಡುವುದಿಲ್ಲ.

ವಿಧಗಳು

ಅವಧಿಯ ಪ್ರಕಾರ ಇದನ್ನು ತೀವ್ರ, ದೀರ್ಘಕಾಲಿಕ ಮತ್ತು ಮರುಕಳಿಸುವ ಬಗೆಗಳೆಂದು ವಿಂಗಡಿಸುತ್ತಾರೆ. ತೀವ್ರ ಬಗೆ ದಿಢೀರನೆ ಆರಂಭವಾಗುತ್ತದೆ ಮತ್ತು ನಾಳದ ರಚನೆ ಇನ್ನೂ ಕೆಟ್ಟಿರುವುದಿಲ್ಲ. ದೀರ್ಘಕಾಲಿಕ ಬಗೆ ತಿಂಗಳುಗಟ್ಟಲೆ ಉಳಿದು ನಾಳವನ್ನು ದಪ್ಪಗಾಗಿಸುತ್ತದೆ. ವಾಸಿಯಾಗಿ ಮತ್ತೆ ಮತ್ತೆ ಬರುವುದು ಮರುಕಳಿಸುವ ಬಗೆ. ಇದರ ಹಿಂದೆ ಸಾಮಾನ್ಯವಾಗಿ ಪತ್ತೆಯಾಗದ ಅಲರ್ಜಿ ಇರುತ್ತದೆ.

ಸ್ರಾವದ ಸ್ವರೂಪದ ಪ್ರಕಾರ ಎರಡು ಬಗೆಗಳಿವೆ. ಕೆಂಪು, ನವೆ ಮತ್ತು ಹೆಚ್ಚಿದ ಗುಗ್ಗೆ ಮುಖ್ಯವಾಗಿರುವುದು ಗುಗ್ಗೆಯ ಬಗೆ. ಇದರಲ್ಲಿ ಯೀಸ್ಟ್ ಮತ್ತು ಸ್ಟ್ಯಾಫಿಲೊಕಾಕಸ್ ಹೆಚ್ಚು. ನೋವು, ಹುಣ್ಣು ಮತ್ತು ಕೀವು ಮುಖ್ಯವಾಗಿರುವುದು ಕೀವಿನ ಬಗೆ. ಇದರಲ್ಲಿ ಸೂಡೊಮೊನಾಸ್ ಹೆಚ್ಚು.

ಲಕ್ಷಣಗಳು

ಮೊದಲು ಕಾಣುವುದು ವರ್ತನೆಯಲ್ಲಿನ ಬದಲಾವಣೆ. ನಾಯಿ ಪದೇಪದೇ ತಲೆ ಒದರುತ್ತದೆ, ಹಿಂಗಾಲಿನಿಂದ ಕಿವಿ ಕೆರೆದುಕೊಳ್ಳುತ್ತದೆ, ತಲೆಯನ್ನು ನೆಲಕ್ಕೋ ಗೋಡೆಗೋ ಉಜ್ಜುತ್ತದೆ. ಕಿವಿ ಮುಟ್ಟಲು ಹೋದರೆ ಹಿಂದೆ ಸರಿಯುತ್ತದೆ ಇಲ್ಲವೇ ಗುರುಗುಟ್ಟುತ್ತದೆ. ನೋವು ಹೆಚ್ಚಿದ್ದರೆ ಬಾಯಿ ಅಗಲಿಸಲು, ಗಟ್ಟಿ ಆಹಾರ ಅಗಿಯಲು ಹಿಂಜರಿಯುತ್ತದೆ.

ಹಾಲೆಯನ್ನು ಮಗುಚಿ ನೋಡಿದಾಗ ಒಳಮೈ ಕೆಂಪಾಗಿ ಬಿಸಿಯಾಗಿರುವುದು, ನಾಳದ ಬಾಯಿ ಊದಿರುವುದು, ಸ್ರಾವ, ದುರ್ವಾಸನೆ, ಹಕ್ಕಳೆ ಮತ್ತು ಕೂದಲು ಉದುರಿರುವುದು ಕಾಣುತ್ತದೆ. ಆರೋಗ್ಯವಂತ ಕಿವಿಯ ಒಳಮೈ ತಿಳಿಗುಲಾಬಿ ಬಣ್ಣದ್ದಾಗಿದ್ದು ವಾಸನೆ ಇರುವುದಿಲ್ಲ. ತಿಳಿಕಂದು ಗುಗ್ಗೆ ಸ್ವಲ್ಪ ಇರುವುದು ಸಹಜ.

ಸ್ರಾವದ ಬಣ್ಣ ಕಾರಣದ ಸುಳಿವು ಕೊಡುತ್ತದೆ. ಕಾಫಿಪುಡಿಯಂಥ ಒಣಗಿದ ಕಪ್ಪುಕಂದು ಪುಡಿ ಕಿವಿನುಸಿಯಲ್ಲಿ, ಕಂದು ಬಣ್ಣದ ಜಿಡ್ಡುಜಿಡ್ಡಾದ ಸ್ರಾವ ಯೀಸ್ಟಿನಲ್ಲಿ, ಹಳದಿ ಕೀವು ಬ್ಯಾಕ್ಟೀರಿಯಾದಲ್ಲಿ, ಹಸಿರು ಛಾಯೆಯ ತೆಳುವಾದ, ಗಬ್ಬುನಾತದ ಸ್ರಾವ ಸೂಡೊಮೊನಾಸ್ ಸೋಂಕಿನಲ್ಲಿ ಸಾಮಾನ್ಯ. ಆದರೆ ಒಂದಕ್ಕಿಂತ ಹೆಚ್ಚು ಸೋಂಕು ಒಟ್ಟಿಗೆ ಇರಬಹುದಾದ್ದರಿಂದ ಬಣ್ಣವೊಂದರಿಂದಲೇ ಔಷಧಿ ನಿರ್ಧರಿಸುವಂತಿಲ್ಲ.

ತಲೆ ಒಂದು ಪಕ್ಕಕ್ಕೆ ವಾಲುವುದು, ಸುತ್ತಲೂ ತಿರುಗುವುದು, ತೂರಾಡಿ ಬೀಳುವುದು, ಕಣ್ಣುಗುಡ್ಡೆ ಅತ್ತಿತ್ತ ಎಳೆದಾಡುವುದು ಒಳಗಿವಿ ತೊಡಗಿಕೊಂಡಿರುವುದರ ಗುರುತು. ತುಟಿ ಮತ್ತು ರೆಪ್ಪೆ ಜೋಲುವುದು ಮುಖದ ನರಕ್ಕೆ ಪೆಟ್ಟಾಗಿರುವುದನ್ನು ತೋರಿಸುತ್ತದೆ. ಒಂದು ಕಣ್ಣಿನ ಪಾಪೆ ಕಿರಿದಾಗಿ, ರೆಪ್ಪೆ ಇಳಿದು, ಮೂರನೆಯ ರೆಪ್ಪೆ ಮೇಲೇಳುವುದು ಹಾರ್ನರ್ ಲಕ್ಷಣಕೂಟ. ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ಪಶುವೈದ್ಯರಲ್ಲಿಗೆ ಕರೆದೊಯ್ಯಬೇಕು.

ರೋಗಪತ್ತೆ

ಪರೀಕ್ಷೆ ಆರಂಭವಾಗುವುದು ವಿಚಾರಣೆಯಿಂದ. ತೊಂದರೆ ಯಾವ ವಯಸ್ಸಿನಲ್ಲಿ ಆರಂಭವಾಯಿತು, ಒಂದು ಕಿವಿಯೋ ಎರಡೋ, ಯಾವ ಋತುವಿನಲ್ಲಿ ಹೆಚ್ಚು, ಆಹಾರವೇನು, ಈಜುವ ರೂಢಿ ಇದೆಯೇ, ಮನೆಯಲ್ಲಿ ಬೇರೆ ಪ್ರಾಣಿಗಳಿವೆಯೇ, ಈಗಾಗಲೇ ಯಾವ ಔಷಧಿ ಹಾಕಲಾಗಿದೆ ಎಂಬುದನ್ನು ಕೇಳಿ ತಿಳಿಯಲಾಗುತ್ತದೆ. ಬಳಿಕ ಇಡೀ ಚರ್ಮದ ಪರೀಕ್ಷೆ ನಡೆಯುತ್ತದೆ.

ಓಟೊಸ್ಕೋಪ್ ಎಂಬ ಬೆಳಕಿನ ಉಪಕರಣದಿಂದ ನಾಳ ಮತ್ತು ತಮಟೆಯನ್ನು ನೋಡುತ್ತಾರೆ. ಹೊರವಸ್ತು, ಗಡ್ಡೆ, ನುಸಿ, ಹರಿದ ತಮಟೆ ಕಾಣುವುದು ಇದರಲ್ಲೇ. ಎರಡು ಕಿವಿಗಳಲ್ಲಿ ಕಡಿಮೆ ತೊಂದರೆ ಇರುವ ಕಿವಿಯನ್ನು ಮೊದಲು ನೋಡುವುದು ಕ್ರಮ. ನೋವು ತೀವ್ರವಾಗಿದ್ದರೆ ಮಂಪರು ಕೊಡಬೇಕಾಗುತ್ತದೆ. ವಿಡಿಯೊ ಓಟೊಸ್ಕೋಪ್ ಚಿತ್ರವನ್ನು ಹಿಗ್ಗಿಸಿ ತೋರಿಸುವುದಲ್ಲದೆ ತೊಳೆಯಲೂ ಹೊರವಸ್ತು ತೆಗೆಯಲೂ ಅನುವು ಮಾಡಿಕೊಡುತ್ತದೆ.

ಕೋಶಪರೀಕ್ಷೆ ಪ್ರತಿ ಬಾರಿಯೂ ಮಾಡಬೇಕಾದ ಪರೀಕ್ಷೆ. ಎರಡೂ ಕಿವಿಗಳ ಸ್ರಾವವನ್ನು ಹತ್ತಿಕಡ್ಡಿಯಿಂದ ಬೇರೆ ಬೇರೆಯಾಗಿ ತೆಗೆದು, ಗಾಜಿನ ಪಟ್ಟಿಯ ಮೇಲೆ ಉರುಳಿಸಿ, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಲಾಗುತ್ತದೆ. ಮಲಸೀಜಿಯ ಇದರಲ್ಲಿ ಕಡಲೆಕಾಯಿಯಂತೆ ನಡು ಕಿರಿದಾಗಿ ಕಾಣುತ್ತದೆ. ದುಂಡನೆಯ ಮತ್ತು ಕಡ್ಡಿಯಾಕಾರದ ಬ್ಯಾಕ್ಟೀರಿಯಾ, ಬಿಳಿ ರಕ್ತಕಣಗಳು, ಅಸಹಜ ಕೋಶಗಳು ಗುರುತಿಗೆ ಸಿಗುತ್ತವೆ. ನುಸಿ ಪತ್ತೆಗೆ ಸ್ರಾವವನ್ನು ಖನಿಜತೈಲದಲ್ಲಿ ಕಲಸಿ ಬಣ್ಣ ಹಾಕದೆ ನೋಡುತ್ತಾರೆ.

ಕಡ್ಡಿಯಾಕಾರದ ಬ್ಯಾಕ್ಟೀರಿಯಾ ಇದ್ದು ಚಿಕಿತ್ಸೆ ಫಲಿಸದಿದ್ದರೆ, ಅಥವಾ ನಡುಗಿವಿಗೆ ಸೋಂಕು ತಗುಲಿದ್ದರೆ, ರೋಗಾಣು ಬೆಳೆಸಿ ಔಷಧಿ ಸಂವೇದನೆ ಪರೀಕ್ಷಿಸಲಾಗುತ್ತದೆ. ಈ ಪರೀಕ್ಷೆಯ ಫಲಿತಾಂಶ ರಕ್ತದಲ್ಲಿ ತಲುಪಬಹುದಾದ ಔಷಧಿಯ ಮಟ್ಟವನ್ನು ಆಧರಿಸಿದೆ. ಕಿವಿಗೆ ನೇರವಾಗಿ ಹಾಕುವ ಔಷಧಿ ಅದಕ್ಕಿಂತ ಬಹುಪಟ್ಟು ಗಾಢವಾಗಿರುವುದರಿಂದ ಫಲಿತಾಂಶವನ್ನು ಎಚ್ಚರಿಕೆಯಿಂದ ಅರ್ಥೈಸಬೇಕು. ಸಿಟಿ ಮತ್ತು ಎಂಆರ್‌ಐ ಚಿತ್ರಣ ನಡುಗಿವಿಯ ಸ್ಥಿತಿ ತಿಳಿಯಲು ನೆರವಾಗುತ್ತವೆ. ತಮಟೆ ಹರಿಯದೆ ಕಂಡರೂ ಅದರ ಹಿಂದೆ ಸೋಂಕು ಇರಬಹುದು. ಓಟಿಸ್-3 ಮಾನಕದಲ್ಲಿ ಕೆಂಪು, ಊತ, ಹುಣ್ಣು ಮತ್ತು ಸ್ರಾವ ಈ ನಾಲ್ಕಕ್ಕೂ 0ರಿಂದ 3ರವರೆಗೆ ಅಂಕ ಕೊಟ್ಟು ಒಟ್ಟು 12ಕ್ಕೆ ಎಣಿಸುತ್ತಾರೆ.

ಆಹಾರದ ಅಲರ್ಜಿಯನ್ನು ರಕ್ತಪರೀಕ್ಷೆಯಿಂದ ಖಚಿತಪಡಿಸಲಾಗದು. ನಾಯಿ ಹಿಂದೆ ತಿನ್ನದ ಆಹಾರ ಅಥವಾ ಪ್ರೋಟೀನನ್ನು ಸಣ್ಣದಾಗಿ ವಿಘಟಿಸಿದ ಆಹಾರವನ್ನು ಮಾತ್ರ ಕನಿಷ್ಠ 8 ವಾರ ಕೊಟ್ಟು, ಬಳಿಕ ಹಳೆಯ ಆಹಾರಕ್ಕೆ ಮರಳಿದಾಗ ತೊಂದರೆ ಮತ್ತೆ ಬರುವುದೇ ಎಂದು ನೋಡುವುದು ಅಂಗೀಕೃತ ವಿಧಾನ.

ಚಿಕಿತ್ಸೆ

ಚಿಕಿತ್ಸೆಗೆ ನಾಲ್ಕು ಗುರಿಗಳಿವೆ: ನಾಳವನ್ನು ಶುಚಿಗೊಳಿಸುವುದು, ಊತ ಮತ್ತು ನೋವು ಇಳಿಸುವುದು, ಸೋಂಕು ನಿವಾರಿಸುವುದು, ಪ್ರಾಥಮಿಕ ಕಾರಣವನ್ನು ಹಿಡಿತಕ್ಕೆ ತರುವುದು.

ಕೀವು ಮತ್ತು ಗುಗ್ಗೆ ತುಂಬಿದ ಕಿವಿಯಲ್ಲಿ ಔಷಧಿ ಚರ್ಮವನ್ನು ಮುಟ್ಟುವುದಿಲ್ಲ; ಕೆಲವು ಔಷಧಿಗಳು ಕೀವಿನಲ್ಲಿ ಶಕ್ತಿಗುಂದುತ್ತವೆ. ಆದ್ದರಿಂದ ಗುಗ್ಗೆ ಕರಗಿಸುವ ದ್ರಾವಣ ಅಥವಾ ಲವಣದ್ರಾವಣದಿಂದ ಮೊದಲು ತೊಳೆಯುತ್ತಾರೆ. ಆಳವಾಗಿ ತೊಳೆಯಲು ಪೂರ್ಣ ಅರಿವಳಿಕೆ ಬೇಕು. ಟ್ರಿಸ್-ಇಡಿಟಿಎ ದ್ರಾವಣ ಬ್ಯಾಕ್ಟೀರಿಯಾದ ಹೊರಕವಚವನ್ನು ಸಡಿಲಿಸಿ ಔಷಧಿಗೆ ದಾರಿ ಮಾಡಿಕೊಡುತ್ತದೆ. ಅಸಿಟೈಲ್‌ಸಿಸ್ಟೀನ್ ಲೋಳೆಪೊರೆಯನ್ನು ಒಡೆಯುತ್ತದೆ.

ಕಿವಿಗೆ ಹಾಕುವ ಔಷಧಿಗಳಲ್ಲಿ ಹೆಚ್ಚಿನವು ಮೂರು ಅಂಶಗಳ ಮಿಶ್ರಣ. ಬ್ಯಾಕ್ಟೀರಿಯಾ ವಿರುದ್ಧ ಜೆಂಟಾಮೈಸಿನ್, ನಿಯೊಮೈಸಿನ್, ಪಾಲಿಮಿಕ್ಸಿನ್ ಬಿ, ಮಾರ್ಬೊಫ್ಲಾಕ್ಸಸಿನ್ ಅಥವಾ ಫ್ಲೋರ್‌ಫೆನಿಕಾಲ್. ಯೀಸ್ಟ್ ವಿರುದ್ಧ ಕ್ಲೋಟ್ರಿಮಜೋಲ್, ಮೈಕೊನಜೋಲ್ ಅಥವಾ ಟರ್ಬಿನಾಫಿನ್. ಊತ ಇಳಿಸಲು ಬೀಟಾಮೆಥಸೋನ್, ಮೊಮೆಟಸೋನ್, ಹೈಡ್ರೊಕಾರ್ಟಿಸೋನ್ ಅಸಿಪೊನೇಟ್‌ನಂಥ ಸ್ಟಿರಾಯ್ಡ್. ದಿನವೂ ಹಾಕುವ ಹನಿಗಳಲ್ಲದೆ ವೈದ್ಯರೇ ಒಂದೆರಡು ಬಾರಿ ತುಂಬಿಸಿ ಬಿಡುವ ದೀರ್ಘಾವಧಿಯ ಲೇಪಗಳೂ ಇವೆ. ನುಂಗುವ ಪ್ರತಿಜೀವಕ ನಾಳದ ಒಳಮೈಗೆ ಸಾಕಷ್ಟು ತಲುಪದ ಕಾರಣ ಹೊರಗಿವಿಯ ಸೋಂಕಿನಲ್ಲಿ ಅದರ ಪಾತ್ರ ಕಡಿಮೆ. ನಾಳ ಊದಿ ಮುಚ್ಚಿಕೊಂಡಿದ್ದರೆ ಪ್ರೆಡ್ನಿಸೊಲೋನ್ ಮಾತ್ರೆಯನ್ನು ಕೆಲಕಾಲ ಕೊಡುವುದುಂಟು.

ಚಿಕಿತ್ಸೆಯನ್ನು ಲಕ್ಷಣ ತಗ್ಗಿದ ಕೂಡಲೇ ನಿಲ್ಲಿಸುವಂತಿಲ್ಲ. ವೈದ್ಯರು ಒಂದೆರಡು ವಾರದ ಬಳಿಕ ಕೋಶಪರೀಕ್ಷೆ ಮರಳಿ ಮಾಡಿ ಸೋಂಕು ಹೋಗಿರುವುದನ್ನು ಖಚಿತಪಡಿಸಿಕೊಳ್ಳುತ್ತಾರೆ. ನಡುವೆ ಬಿಟ್ಟ ಚಿಕಿತ್ಸೆ ಔಷಧಿಗೆ ಬಗ್ಗದ ರೋಗಾಣುಗಳನ್ನು ಬೆಳೆಸುತ್ತದೆ. ತಮಟೆ ಹರಿದಿದ್ದರೆ ಜೆಂಟಾಮೈಸಿನ್‌ನಂಥ ಅಮಿನೊಗ್ಲೈಕೊಸೈಡ್‌ಗಳು, ಕ್ಲೋರ್‌ಹೆಕ್ಸಿಡಿನ್ ಮತ್ತು ಆಲ್ಕೊಹಾಲ್ ಒಳಗಿವಿಗೆ ಹಾನಿ ಮಾಡಿ ಕಿವುಡುತನ ಅಥವಾ ತೂರಾಟ ತರಬಹುದು. ಹಳೆಯ ಬಾಟಲಿಯ ಔಷಧಿಯನ್ನು ಪರೀಕ್ಷೆಯಿಲ್ಲದೆ ಮತ್ತೆ ಹಾಕಬಾರದೆನ್ನುವುದು ಇದರಿಂದಲೇ.

ಕಿವಿನುಸಿಗೆ ಸೆಲಮೆಕ್ಟಿನ್, ಮಾಕ್ಸಿಡೆಕ್ಟಿನ್, ಅಫಾಕ್ಸೊಲನರ್, ಫ್ಲೂರಲನರ್ ಮುಂತಾದ ಔಷಧಿಗಳು ಬಳಕೆಯಲ್ಲಿವೆ. ಮನೆಯ ಎಲ್ಲ ನಾಯಿ, ಬೆಕ್ಕುಗಳಿಗೂ ಒಟ್ಟಿಗೆ ಚಿಕಿತ್ಸೆ ಕೊಡಬೇಕು. ಕಾಲಿ ಮತ್ತು ಅದರ ಸಂಬಂಧದ ತಳಿಗಳಲ್ಲಿ ಎಬಿಸಿಬಿ1 ಎಂಬ ಜೀನಿನ ದೋಷದಿಂದ ಐವರ್‌ಮೆಕ್ಟಿನ್ ಮಿದುಳಿಗೆ ನುಗ್ಗಿ ವಿಷವಾಗುತ್ತದೆ. ಈ ದೋಷ 2001ರಲ್ಲಿ ಪತ್ತೆಯಾಯಿತು. ದನಕುರಿಗಳಿಗೆಂದು ಮಾರುವ ಐವರ್‌ಮೆಕ್ಟಿನ್ನನ್ನು ಅಂದಾಜಿನ ಮೇಲೆ ನಾಯಿಗೆ ಕೊಡುವುದು ಅಪಾಯಕರ.

ಅಲರ್ಜಿಯಿರುವ ನಾಯಿಗಳಲ್ಲಿ ಸೋಂಕು ವಾಸಿಯಾದ ಬಳಿಕವೂ ಅಲರ್ಜಿಯ ಚಿಕಿತ್ಸೆ ಮುಂದುವರಿಯಬೇಕು. ಆಹಾರ ಬದಲಾವಣೆ, ಅಲರ್ಜಿ ಚುಚ್ಚುಮದ್ದು, ಸೈಕ್ಲೊಸ್ಪೊರಿನ್, ಅಮೆರಿಕದಲ್ಲಿ 2013ರಲ್ಲಿ ಮಂಜೂರಾದ ಓಕ್ಲಾಸಿಟಿನಿಬ್ ಮಾತ್ರೆ ಇದರ ಸಾಧನಗಳು. ವಾರಕ್ಕೆ ಒಂದೆರಡು ಬಾರಿ ಸ್ಟಿರಾಯ್ಡ್ ಹನಿ ಹಾಕಿ ಮರುಕಳಿಕೆ ತಡೆಯುವ ಕ್ರಮವೂ ಇದೆ.

ಔಷಧಿಗೆ ಬಗ್ಗದ ಹಂತದಲ್ಲಿ ಶಸ್ತ್ರಚಿಕಿತ್ಸೆ ಮಾಡಲಾಗುತ್ತದೆ. ಲಂಬನಾಳದ ಹೊರಗೋಡೆ ತೆಗೆದು ಗಾಳಿಯಾಡಿಸುವ ವಿಧಾನವನ್ನು ಝೆಪ್ 1949ರಲ್ಲಿ ವಿವರಿಸಿದರು. ನಾಳ ಪೂರ್ತಿ ಕೆಟ್ಟು ಸುಣ್ಣಗಟ್ಟಿದ್ದರೆ ಇಡೀ ನಾಳವನ್ನು ತೆಗೆದು ನಡುಗಿವಿಯ ಮೂಳೆಗೂಡನ್ನು ತೆರೆದು ಶುಚಿಗೊಳಿಸುತ್ತಾರೆ. ಇದರಿಂದ ನೋವು ನಿಲ್ಲುತ್ತದೆ. ಆ ಕಿವಿಯ ಶ್ರವಣ ಬಹುಮಟ್ಟಿಗೆ ಹೋಗುತ್ತದೆ. ಮುಖದ ನರಕ್ಕೆ ಪೆಟ್ಟಾಗುವ ಸಂಭವವೂ ಇದೆ.

ಮನೆಯಲ್ಲಿ ಆರೈಕೆ

ವೈದ್ಯರು ಸೂಚಿಸಿದ ಶುಚಿದ್ರಾವಣವನ್ನು ದೇಹದ ಉಷ್ಣತೆಗೆ ಹತ್ತಿರವಾಗಿಸಿಕೊಂಡು ಬಳಸುವುದು ಉತ್ತಮ. ಹಾಲೆಯನ್ನು ಮೇಲಕ್ಕೆ ಹಿಡಿದು, ಬಾಟಲಿಯ ತುದಿ ಕಿವಿಗೆ ತಾಗದಂತೆ ದ್ರಾವಣವನ್ನು ನಾಳ ತುಂಬುವಷ್ಟು ಹಾಕಬೇಕು. ಕಿವಿಯ ಬುಡವನ್ನು ಅರ್ಧ ನಿಮಿಷ ಮೃದುವಾಗಿ ಒತ್ತಿ ತಿಕ್ಕಿದರೆ ಗುಗ್ಗೆ ಸಡಿಲಗೊಳ್ಳುತ್ತದೆ. ಬಳಿಕ ನಾಯಿಗೆ ತಲೆ ಒದರಲು ಬಿಟ್ಟು, ಹೊರಬಂದುದನ್ನು ಹತ್ತಿ ಅಥವಾ ಮೆತ್ತನೆಯ ಬಟ್ಟೆಯಿಂದ ಒರೆಸಬೇಕು. ಬೆರಳು ಹೋಗುವಷ್ಟು ಆಳಕ್ಕೆ ಮಾತ್ರ ಒರೆಸಬೇಕು. ಹನಿಮದ್ದು ಇದ್ದರೆ ಕಿವಿ ಒಣಗಿದ ಬಳಿಕ ಹಾಕಬೇಕು. ಎರಡು ಕಿವಿಗಳಿಗೆ ಬೇರೆ ಬೇರೆ ಹತ್ತಿ ಬಳಸಬೇಕು.

ಹತ್ತಿಕಡ್ಡಿಯನ್ನು ನಾಳದೊಳಕ್ಕೆ ತೂರಿಸಬಾರದು. ಅದು ಗುಗ್ಗೆಯನ್ನು ಅಡ್ಡನಾಳಕ್ಕೆ ತಳ್ಳುತ್ತದೆ, ಚರ್ಮವನ್ನು ತರಚುತ್ತದೆ. ಕಾಯಿಸಿದ ಎಣ್ಣೆ, ಬೆಳ್ಳುಳ್ಳಿ ಎಣ್ಣೆ, ಹೈಡ್ರೊಜನ್ ಪೆರಾಕ್ಸೈಡ್, ಸ್ಪಿರಿಟ್, ವಿನೆಗರ್, ಸೀಮೆಎಣ್ಣೆ ಮತ್ತು ಫಿನಾಯಿಲ್ ಹಾಕುವುದೂ ಸಲ್ಲದು. ಎಣ್ಣೆ ಯೀಸ್ಟಿಗೆ ಆಹಾರವಾಗುತ್ತದೆ ಮತ್ತು ತಮಟೆಯನ್ನು ನೋಡಲು ಅಡ್ಡಿ ಮಾಡುತ್ತದೆ. ಉಳಿದವು ಕೆಂಪಾದ ಚರ್ಮವನ್ನು ಸುಡುತ್ತವೆ. ಮನುಷ್ಯರಿಗೆ ಬರೆದುಕೊಟ್ಟ ಕಿವಿ ಹನಿಗಳೂ ಇದೇ ಪಟ್ಟಿಗೆ ಸೇರುತ್ತವೆ. ವೈದ್ಯರಿಗೆ ತೋರಿಸುವ ಮುನ್ನ ಕಿವಿಯನ್ನು ಪೂರ್ತಿ ಶುಚಿಗೊಳಿಸಿದರೆ ಪರೀಕ್ಷೆಗೆ ಬೇಕಾದ ಸ್ರಾವ ಸಿಗುವುದಿಲ್ಲ.

ನೋವಿರುವ ನಾಯಿ ಸಾಕಿದವರನ್ನೂ ಕಚ್ಚಬಹುದು. ಬಾಯಿಪಟ್ಟಿ ಅಥವಾ ಇನ್ನೊಬ್ಬರ ನೆರವು ಪಡೆಯುವುದು ಸುರಕ್ಷಿತ. ಕಚ್ಚಿದರೆ ಗಾಯವನ್ನು ಸೋಪು, ನೀರಿನಿಂದ 15 ನಿಮಿಷ ತೊಳೆದು, ರೇಬೀಸ್ ಲಸಿಕೆಗಾಗಿ ಕೂಡಲೇ ವೈದ್ಯರನ್ನು ಕಾಣಬೇಕು.

ತೊಡಕುಗಳು ಮತ್ತು ಸಂಬಂಧಿತ ಸ್ಥಿತಿಗಳು

ತಲೆ ಒದರುವ ರಭಸಕ್ಕೆ ಹಾಲೆಯ ರಕ್ತನಾಳ ಒಡೆದು ಚರ್ಮ ಮತ್ತು ಮೃದ್ವಸ್ಥಿಯ ನಡುವೆ ರಕ್ತ ತುಂಬುವುದು ರಕ್ತಗೂಡು. ಹಾಲೆ ದಿಂಬಿನಂತೆ ಉಬ್ಬುತ್ತದೆ. ರಕ್ತ ಬಸಿದು ಹೊಲಿಗೆ ಹಾಕುವುದರ ಜೊತೆಗೆ ಕಿವಿಯೊಳಗಿನ ಮೂಲ ತೊಂದರೆಗೂ ಚಿಕಿತ್ಸೆಯಾಗಬೇಕು. ಹಾಗೆಯೇ ಬಿಟ್ಟರೆ ಹಾಲೆ ಮುದುಡಿಕೊಳ್ಳುತ್ತದೆ.

ಭಾರತದಲ್ಲಿ ಬೀದಿನಾಯಿಗಳ ಕಿವಿಗಾಯಕ್ಕೆ ಹುಳು ಬೀಳುವುದು ಸಾಮಾನ್ಯ. ಇದಕ್ಕೆ ಮುಖ್ಯ ಕಾರಣ ಕ್ರೈಸೊಮಿಯ ಬೆಜಿಯಾನ ಎಂಬ ನೊಣ. ಅದು ಗಾಯದ ಅಂಚಿನಲ್ಲಿ ಮೊಟ್ಟೆಯಿಡುತ್ತದೆ. ಮರಿಹುಳುಗಳು ಜೀವಂತ ಮಾಂಸವನ್ನು ಸುಮಾರು ಒಂದು ವಾರ ತಿಂದು ಬಳಿಕ ಮಣ್ಣಿಗೆ ಬೀಳುತ್ತವೆ. ಹುಳು ತೆಗೆದು ಗಾಯ ತೊಳೆಯುವುದು ಪಶುವೈದ್ಯರ ಕೆಲಸ. ಲಾಯನೊಣಗಳ ಕಡಿತದಿಂದ ನಿಮಿರುಕಿವಿಯ ನಾಯಿಗಳ ಕಿವಿತುದಿ ಹುಣ್ಣಾಗುತ್ತದೆ. ಸಂತಾನನಿಯಂತ್ರಣ ಶಸ್ತ್ರಚಿಕಿತ್ಸೆ ಆದ ಬೀದಿನಾಯಿಯ ಕಿವಿಯಂಚಿನಲ್ಲಿ ಇರುವ ಕಚ್ಚು ಗುರುತಿಗಾಗಿ ಮಾಡಿದ್ದು, ರೋಗವಲ್ಲ.

ಹರಡುವಿಕೆ

ಹೊರಗಿವಿ ಉರಿಯೂತ ಸಾಮಾನ್ಯವಾಗಿ ಒಂದು ನಾಯಿಯಿಂದ ಇನ್ನೊಂದಕ್ಕೆ ಅಂಟುವುದಿಲ್ಲ. ಕಿವಿನುಸಿ ಇದಕ್ಕೆ ಅಪವಾದ. ಅದು ನಾಯಿ, ಬೆಕ್ಕು ಮತ್ತು ಫೆರೆಟ್‌ಗಳ ನಡುವೆ ಒಡನಾಟದಿಂದ ಹರಡುತ್ತದೆ. ಮಲಸೀಜಿಯ ಪ್ಯಾಕಿಡರ್ಮಾಟಿಸ್ ಆರೋಗ್ಯವಂತ ಮನುಷ್ಯರಿಗೆ ತೊಂದರೆ ಕೊಡುವುದು ಅಪರೂಪ. ಆದರೆ ಅಮೆರಿಕದ ನವಜಾತ ಶಿಶುಗಳ ತೀವ್ರನಿಗಾ ಘಟಕವೊಂದರಲ್ಲಿ ಅದರ ಸೋಂಕು ಹರಡಿದ್ದನ್ನೂ, ಸಿಬ್ಬಂದಿಯ ಸಾಕುನಾಯಿಗಳಲ್ಲಿ ಅದೇ ಯೀಸ್ಟ್ ಇದ್ದುದನ್ನೂ 1998ರಲ್ಲಿ ವರದಿ ಮಾಡಲಾಯಿತು. ನಾಯಿಯ ಕಿವಿ ಮುಟ್ಟಿದ ಬಳಿಕ ಕೈ ತೊಳೆಯುವುದು ಈ ಕಾರಣದಿಂದ ಅವಶ್ಯ.

ತಡೆಯುವ ಕ್ರಮಗಳು

ವಾರಕ್ಕೊಮ್ಮೆ ಹಾಲೆ ಮಗುಚಿ ಬಣ್ಣ, ವಾಸನೆ, ಸ್ರಾವ ಗಮನಿಸುವುದು ರೋಗವನ್ನು ಬೇಗ ಗುರುತಿಸುವ ಸರಳ ಕ್ರಮ. ಸ್ನಾನ ಮತ್ತು ಈಜಿನ ನಂತರ ಹಾಲೆಯನ್ನೂ ನಾಳದ ಬಾಯನ್ನೂ ಒಣಗಿಸಬೇಕು. ಸದಾ ಈಜುವ ನಾಯಿಗಳಿಗೆ ಒಣಗಿಸುವ ಗುಣದ ಶುಚಿದ್ರಾವಣ ನೆರವಾಗುತ್ತದೆ. ಹುಲ್ಲುಗಾವಲಿನಲ್ಲಿ ಅಡ್ಡಾಡಿ ಬಂದ ನಾಯಿಯ ಕಿವಿ ಮತ್ತು ಬೆರಳಸಂದುಗಳಲ್ಲಿ ಊಬು, ಉಣ್ಣೆ ಇವೆಯೇ ಎಂದು ನೋಡಬೇಕು. ಆರೋಗ್ಯವಾಗಿರುವ ಕಿವಿಯ ಕೂದಲನ್ನು ರೂಢಿಗೆಂದು ಕೀಳುವುದರಿಂದ ಚರ್ಮಕ್ಕೆ ಗಾಯವಾಗಿ ಉರಿಯೂತ ಬರಬಹುದು. ಶುಚಿಯಾದ, ವಾಸನೆಯಿಲ್ಲದ ಕಿವಿಗೆ ಪದೇಪದೇ ದ್ರಾವಣ ಹಾಕುವ ಅಗತ್ಯವಿಲ್ಲ.

ಇಂದಿನ ಸ್ಥಿತಿ

ಔಷಧಿಗೆ ಬಗ್ಗದ ಸೂಡೊಮೊನಾಸ್ ಮತ್ತು ಮೆಥಿಸಿಲಿನ್ ನಿರೋಧಕ ಸ್ಟ್ಯಾಫಿಲೊಕಾಕಸ್ ಸೋಂಕುಗಳು ಈಗ ಚಿಕಿತ್ಸೆಯ ಮುಖ್ಯ ಸವಾಲು. ಇದರಿಂದಾಗಿ ಕೋಶಪರೀಕ್ಷೆಯನ್ನು ಆಧರಿಸಿದ ಔಷಧಿ ಆಯ್ಕೆ, ನಂಜುನಿರೋಧಕ ದ್ರಾವಣಗಳ ಬಳಕೆ ಮತ್ತು ಅಲರ್ಜಿಯ ದೀರ್ಘಕಾಲಿಕ ನಿಯಂತ್ರಣಕ್ಕೆ ಒತ್ತು ಹೆಚ್ಚಿದೆ. ಕರ್ನಾಟಕದಲ್ಲಿ ಪಶುಪಾಲನಾ ಮತ್ತು ಪಶುವೈದ್ಯಕೀಯ ಸೇವಾ ಇಲಾಖೆಯ ಆಸ್ಪತ್ರೆಗಳಲ್ಲೂ, ಖಾಸಗಿ ಚಿಕಿತ್ಸಾಲಯಗಳಲ್ಲೂ, ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಧೀನದಲ್ಲಿ ಬೀದರ್, ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ ಮತ್ತು ಹಾಸನದಲ್ಲಿರುವ ಕಾಲೇಜುಗಳ ಆಸ್ಪತ್ರೆಗಳಲ್ಲೂ ಇದಕ್ಕೆ ಚಿಕಿತ್ಸೆ ದೊರೆಯುತ್ತದೆ. ತೀವ್ರ ಬಗೆಯ ಉರಿಯೂತ ಸಕಾಲದ ಚಿಕಿತ್ಸೆಯಿಂದ ಹೆಚ್ಚಾಗಿ ಕೆಲವು ವಾರಗಳಲ್ಲಿ ವಾಸಿಯಾಗುತ್ತದೆ. ಅಲರ್ಜಿಯಿಂದ ಬಂದದ್ದಕ್ಕೆ ಸಾಮಾನ್ಯವಾಗಿ ಜೀವನಪರ್ಯಂತ ನಿಗಾ ಬೇಕಾಗುತ್ತದೆ.